ಏರಿನಲ್ಲಿ ನಿಲ್ಲುವ ವೈಪರ್

ಚಿಕ್ಕಪ್ಪನವರ ಜೀಪು ಪುಣೆಗೆ ಬಂದು ಎರಡು ಮಳೆಗಾಲಗಳು ಕಳೆದವು. ಮೂಡಿಗೆರೆಯ ತೋಟದ ಕೊಟ್ಟಿಗೆಯಲ್ಲಿ, ಮೆಣಸಿನ ಚೀಲಗಳ ಹಿಂದೆ ವರ್ಷಗಟ್ಟಲೆ ನಿಂತಿದ್ದ ಅದನ್ನು ಲಾರಿಗೇರಿಸಿ ತರಿಸಿಕೊಂಡಾಗ ಮನೆಯವರೆಲ್ಲ ನಕ್ಕಿದ್ದರು. ಎಂಜಿನ್ನು, ಗೇರು, ಬಣ್ಣ ಯಾವುದರ ಬಗೆಗೂ ನಮ್ಮಲ್ಲಿ ಭಿನ್ನಾಭಿಪ್ರಾಯ ಬರಲಿಲ್ಲ. ಬಂದದ್ದು ವೈಪರಿನ ವಿಷಯದಲ್ಲಿ. "ಅಣ್ಣಾ, ಅದೊಂದನ್ನು ಕರೆಂಟಿನದು ಮಾಡಿಸಿಬಿಡು. ಅಪ್ಪ ಅದರ ಜೊತೆ ಎಷ್ಟು ಒದ್ದಾಡಿದರು ಅಂತ ನೀನೇ ನೋಡಿದ್ದೀಯಲ್ಲ" ಎಂದ ಚಿಕ್ಕಪ್ಪನವರ ಮಗ. ನೋಡಿದ್ದೇನೆ. ಆದ್ದರಿಂದಲೇ ಈ ಬರಹ.

ಆ ಜೀಪಿನ ವೈಪರಿಗೆ ವಿದ್ಯುತ್ತಿನ ಸಂಬಂಧವೇ ಇಲ್ಲ. ಪೆಟ್ರೋಲು ಎಂಜಿನ್ನು ಗಾಳಿಯನ್ನು ಒಳಗೆಳೆದುಕೊಳ್ಳುವಾಗ ಅದರ ಮ್ಯಾನಿಫೋಲ್ಡಿನಲ್ಲಿ ಹುಟ್ಟುವ ನಿರ್ವಾತವೇ ಅದರ ಶಕ್ತಿ. ಅಲ್ಲಿಂದ ಹೊರಟ ಸಣ್ಣ ರಬ್ಬರ್ ಕೊಳವೆ ಗಾಜಿನ ಬಳಿಯ ಅಂಗೈಯಗಲದ ಡಬ್ಬಿಯೊಂದನ್ನು ಸೇರುತ್ತದೆ. ಡಬ್ಬಿಯ ಒಳಗೆ ಬಾಗಿಲಿನಂತೆ ಅತ್ತಿತ್ತ ಆಡುವ ಒಂದು ತಗಡು, ಅದರ ಅಂಚಿಗೆ ಚರ್ಮದ ಪಟ್ಟಿ. ಪುಟ್ಟ ಕವಾಟವೊಂದು ನಿರ್ವಾತವನ್ನು ಒಮ್ಮೆ ಈ ಬದಿಗೆ, ಒಮ್ಮೆ ಆ ಬದಿಗೆ ತಿರುಗಿಸುತ್ತಿರುತ್ತದೆ. ತಗಡು ಆಡಿದಂತೆ ವೈಪರಿನ ಕೈಯೂ ಆಡುತ್ತದೆ. 1903ರಲ್ಲಿ ಅಮೆರಿಕದ ಮೇರಿ ಆಂಡರ್ಸನ್ ಪೇಟೆಂಟು ಪಡೆದ ವೈಪರು ಚಾಲಕ ಒಳಗಿನಿಂದ ಕೈಯಲ್ಲೇ ಆಡಿಸಬೇಕಾದದ್ದು. ಅದಕ್ಕೆ ಹೋಲಿಸಿದರೆ ಇದು ದೊಡ್ಡ ಅನುಕೂಲವೇ. ಆದರೆ ನಿರ್ವಾತದ ಸ್ವಭಾವವೊಂದಿದೆ. ಎಕ್ಸಲರೇಟರಿನಿಂದ ಕಾಲು ತೆಗೆದಾಗ ಅದು ಬಲವಾಗಿರುತ್ತದೆ, ಪೂರ್ತಿ ಒತ್ತಿದಾಗ ಇಲ್ಲವೇ ಇಲ್ಲವೆನ್ನುವಷ್ಟು ಕುಗ್ಗುತ್ತದೆ. ಹಾಗಾಗಿ ಇಳಿಜಾರಿನಲ್ಲಿ ಮೈಮೇಲೆ ದೇವರು ಬಂದಂತೆ ಕುಣಿಯುವ ವೈಪರು, ಏರಿನಲ್ಲಿ, ಅದೂ ತುಂಬಿದ ಗಾಡಿಯಲ್ಲಿ, ಗಾಜಿನ ನಡುವೆಯೇ ನಿಂತುಬಿಡುತ್ತದೆ.

ಆಷಾಢದಲ್ಲಿ ಚಾರ್ಮಾಡಿ ಘಾಟಿ ಹತ್ತಿದವರಿಗೆ ಇದರ ಅರ್ಥವನ್ನು ಹೇಳಬೇಕಾಗಿಲ್ಲ. ಚಿಕ್ಕಪ್ಪ ಅದಕ್ಕೊಂದು ಲಯ ಕಂಡುಕೊಂಡಿದ್ದರು. ಒತ್ತುವುದು, ಒತ್ತುವುದು, ಒಂದು ಕ್ಷಣ ಕಾಲೆತ್ತುವುದು, ವೈಪರು ಎರಡು ಸಲ ಆಡುವುದು, ಮತ್ತೆ ಒತ್ತುವುದು. ಹೊರಡುವ ಮುಂಚೆ ಬೀಡಿಯ ತಂಬಾಕನ್ನು ಗಾಜಿಗೆ ತಿಕ್ಕುತ್ತಿದ್ದರು, ನೀರು ಅಂಟದೆ ಜಾರಲಿ ಎಂದು. ಎಡಗಡೆಯ ವೈಪರಿಗೆ ಡಬ್ಬಿಯೇ ಇರಲಿಲ್ಲ, ಬರಿಯ ಹಿಡಿ. ಅದನ್ನು ತಿರುಗಿಸುವ ಹಕ್ಕಿಗಾಗಿ ನಾವು ಮಕ್ಕಳು ಹೊಡೆದಾಡುತ್ತಿದ್ದೆವು.

ಇಷ್ಟನ್ನೇ ಬರೆದು ನಿಲ್ಲಿಸಿದರೆ ಚೆಂದದ ನೆನಪಿನ ಪ್ರಬಂಧವಾದೀತು, ಆದರೆ ಅರ್ಧ ಸುಳ್ಳಾದೀತು. ಒಂದು ಸಂಜೆ ತಿರುವಿನಲ್ಲಿ ವೈಪರು ನಿಂತಿತು. ಹಿಂದೆ ಲಾರಿ ಇದ್ದುದರಿಂದ ಚಿಕ್ಕಪ್ಪ ಕಾಲೆತ್ತಲಿಲ್ಲ. ಗಾಜು ಮತ್ತೆ ತಿಳಿಯಾದಾಗ ಕಂಬಳಿಕೊಪ್ಪೆ ಹೊದ್ದ ಮುದುಕರೊಬ್ಬರು ಬಂಪರಿನಿಂದ ಒಂದು ಮಾರು ದೂರದಲ್ಲಿದ್ದರು. ಜೀಪು ಗುಡ್ಡದ ಕಡೆಯ ಚರಂಡಿಗೆ ಇಳಿದು ನಿಂತಿತು. ಆ ಮುದುಕರು ಏನೂ ಅನ್ನದೆ ನಡೆದುಹೋದರು. ಚಿಕ್ಕಪ್ಪ ಮಾತ್ರ ಬಹಳ ಹೊತ್ತು ಸ್ಟೇರಿಂಗ್ ಬಿಡಲಿಲ್ಲ. ತಮ್ಮ ವೈಪರು ಬದಲಾಯಿಸು ಎಂದಾಗ ಅವನ ಕಣ್ಣ ಮುಂದಿರುವುದು ಆ ಸಂಜೆಯೇ. ಅದನ್ನು ಹಳತರ ಮೋಹವೆಂಬ ಒಂದೇ ಮಾತಿನಿಂದ ತಳ್ಳಿಹಾಕಲು ನನಗೆ ಧೈರ್ಯವಿಲ್ಲ.

ಆದರೂ ಮೂಲದ ವೈಪರನ್ನೇ ಸರಿಪಡಿಸಬೇಕೆಂದು ನಾನು ಹಟ ಹಿಡಿದೆ. ಕಾರಣ ಇಷ್ಟು: ವೈಪರು ಆ ಗಾಡಿಯಿಂದ ಬೇರೆಯಾದ ವಸ್ತುವಲ್ಲ. ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಮಹೀಂದ್ರಾದವರು ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿದಾಗ ಅವು ಪೆಟ್ರೋಲಿನವು. ಮುಂದೆ ಪೆಟ್ರೋಲು ದುಬಾರಿಯಾಗಿ ಮಲೆನಾಡಿನ ಎಷ್ಟೋ ಜೀಪುಗಳಿಗೆ ಡೀಸೆಲ್ ಎಂಜಿನ್ನು ಕೂತಿತು. ಡೀಸೆಲ್ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ಇಂಥ ನಿರ್ವಾತ ಹುಟ್ಟುವುದಿಲ್ಲ. ವೈಪರು ತಾನಾಗಿ ಸತ್ತಿತು, ಡಬ್ಬಿಗಳು ಗುಜರಿ ಸೇರಿದವು. ನಮ್ಮದು ಉಳಿದದ್ದು ಚಿಕ್ಕಪ್ಪ ಎಂಜಿನ್ನು ಬದಲಿಸಲು ಒಪ್ಪದ ಕಾರಣಕ್ಕೆ. ಆ ಗಾಡಿ ಓಡುವ ವೇಗ, ನಾಲ್ಕೂ ಚಕ್ರಕ್ಕಿರುವ ಡ್ರಮ್ ಬ್ರೇಕು, ಮಂಕು ದೀಪ, ಏರಿನಲ್ಲಿ ನಿಲ್ಲುವ ವೈಪರು ಎಲ್ಲವೂ ಒಂದೇ ಕಾಲದವು, ಒಂದೇ ಅಳತೆಯವು. ವೈಪರಿಗೆ ಮಾತ್ರ ಇಂದಿನ ಮೋಟಾರು ಕೂರಿಸಿದರೆ ಕಣ್ಣು ಚುರುಕಾಗುತ್ತದೆ, ಬ್ರೇಕು ಹಿಂದಿನದೇ ಇರುತ್ತದೆ. ಒದ್ದೆ ಡ್ರಮ್ಮಿನ ಮೇಲೆ ಕಾಲಿಟ್ಟು ನೋಡಿದವರಿಗೆ ಇದು ಸಣ್ಣ ಮಾತಲ್ಲ.

ಹಾಗೆಂದು ಪ್ರತಿದಿನ ಮಳೆಯಲ್ಲಿ ಮಕ್ಕಳನ್ನು ಶಾಲೆಗೆ ಬಿಡಲು ಹಳೆಯ ಜೀಪನ್ನೇ ಬಳಸುವವರಿದ್ದರೆ ಅವರು ವಿದ್ಯುತ್ ವೈಪರನ್ನೇ ಹಾಕಿಸಬೇಕು, ನಾಳೆಯೇ ಹಾಕಿಸಬೇಕು. ಹಳೆಯ ಡಬ್ಬಿಯನ್ನು ಚೀಟಿ ಅಂಟಿಸಿ ತೆಗೆದಿಡಲಿ. ನನ್ನ ತಕರಾರು ಅವರ ಮೇಲಲ್ಲ. ಹಳೆಯ ಡಬ್ಬಿಯ ಕರುಳು ಕಿತ್ತು, ಒಳಗೆ ಹನ್ನೆರಡು ವೋಲ್ಟಿನ ಮೋಟಾರು ಅಡಗಿಸಿ, ಹೊರಗೆ ಪಾಲಿಷು ಹೊಡೆದು, ಪ್ರದರ್ಶನದಲ್ಲಿ "ಎಲ್ಲವೂ ಮೂಲದ್ದೇ" ಎಂದು ಮೀಸೆ ತಿರುವುವವರ ಮೇಲೆ. ಹಸ್ತಪ್ರತಿಯಲ್ಲಿ ಅರ್ಥವಾಗದ ಪದವನ್ನು ತಿದ್ದಿ, ತಿದ್ದಿದೆನೆಂದು ಅಡಿಟಿಪ್ಪಣಿಯಲ್ಲೂ ಹೇಳದ ಸಂಪಾದಕನನ್ನು ನಾವು ಕ್ಷಮಿಸುತ್ತೇವೆಯೇ? ಎದ್ದು ಕಾಣುವ ಹೊಸ ಮೋಟಾರು ಇದಕ್ಕಿಂತ ಎಷ್ಟೋ ಪ್ರಾಮಾಣಿಕ. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ಮೀರಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಾಗ ಚಾಸಿ, ಬಾಡಿ, ಎಂಜಿನ್ನುಗಳ ಮಾರ್ಪಾಡಿನ ಬಗ್ಗೆ ಕಟ್ಟುನಿಟ್ಟು ಮಾಡಿತು. ವೈಪರಿನಂಥ ಸಣ್ಣವು ಮಾಲೀಕನ ಮನಸ್ಸಾಕ್ಷಿಗೇ ಬಿಟ್ಟದ್ದು.

ಕೆಲಸವೇನೂ ದೊಡ್ಡದಾಗಿರಲಿಲ್ಲ, ತಾಳ್ಮೆಯದು ಅಷ್ಟೆ. ನಾನಾ ಪೇಠಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳನ್ನೆಲ್ಲ ಅಲೆದೆ. ಡಬ್ಬಿ ಸಿಗಲಿಲ್ಲ, ನಮ್ಮದನ್ನೇ ಬಿಚ್ಚಬೇಕಾಯಿತು. ಒಳಗಿನ ಗ್ರೀಸು ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ವಯಸ್ಸಾದ ಮಿಸ್ತ್ರಿಯೊಬ್ಬರು ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿ ಮುರುಟಿದ್ದ ಚರ್ಮದ ಪಟ್ಟಿಯನ್ನು ಎರಡು ದಿನ ಹರಳೆಣ್ಣೆಯಲ್ಲಿ ನೆನೆಸಿಟ್ಟರು. ಮುಚ್ಚಳಕ್ಕೆ ಹೊಸ ಗ್ಯಾಸ್ಕೆಟ್ಟು ಕತ್ತರಿಸಿದರು. ಬಿರುಕು ಬಿಟ್ಟಿದ್ದ ಕೊಳವೆ ಬದಲಾದ ಮೇಲೆ ನಿಂತಲ್ಲೇ ಕುಂಟುತ್ತಿದ್ದ ಎಂಜಿನ್ನೂ ಸರಿಹೋಯಿತು. ಅಷ್ಟು ದಿನ ಅಲ್ಲಿಂದಲೇ ಕಳ್ಳಗಾಳಿ ಒಳನುಗ್ಗುತ್ತಿತ್ತು. ಬ್ಲೇಡಿಗೆ ಮಾತ್ರ ಪರದಾಡಿದೆವು. ಇಂದಿನವು ಬಾಗಿದ ಗಾಜಿಗಾಗಿ ಮಾಡಿದವು, ಜೀಪಿನದು ಚಪ್ಪಟೆ ಗಾಜು. ಕೊನೆಗೆ ಹಳೆಯ ತಗಡಿನ ಹಿಡಿಕೆಗೇ ಹೊಸ ರಬ್ಬರು ಕತ್ತರಿಸಿ ಕೂರಿಸಿದರು.

ಗಾಡಿಗೆ ಜೋಡಿಸುವ ಮುನ್ನ ಮಿಸ್ತ್ರಿ ಕೊಳವೆಯ ತುದಿಯನ್ನು ಬಾಯಿಗಿಟ್ಟು ಉಸಿರೆಳೆದರು. ವೈಪರಿನ ಕೈ ಒಂದು ಕಡೆಗೆ ವಾಲಿತು. ಮತ್ತೆ ಎಳೆದರು, ಹಿಂದಿರುಗಿತು. "ನೀವೂ ನೋಡಿ ಸಾಹೇಬರೇ" ಎಂದು ಕೊಳವೆಯನ್ನು ನನ್ನ ಕೈಗಿತ್ತರು. ಹರಳೆಣ್ಣೆಯ ವಾಸನೆ ಗಂಟಲಿಗಿಳಿಯಿತು.

ತಮ್ಮ ಇನ್ನೂ ಒಪ್ಪಿಲ್ಲ. ಮಳೆ ಸುರಿಯುವಾಗ ಜೀಪು ಗೇಟು ದಾಟಬಾರದು ಎಂಬುದು ಅವನ ಷರತ್ತು, ನಾನು ಮಾತು ಕೊಟ್ಟಿದ್ದೇನೆ. ಕಳೆದ ಶ್ರಾವಣದಲ್ಲಿ ಹೊರಟಾಗ ಬಿಸಿಲಿತ್ತು. ಕಾತ್ರಜ್ ಘಾಟಿನ ಏರಿನಲ್ಲಿ ಹನಿ ಹಿಡಿಯಿತು. ವೈಪರು ಅರ್ಧಕ್ಕೆ ನಿಂತಿತು. ಹಿಂದಿನ ಕಾರಿನವನು ಹಾರ್ನ್ ಹೊಡೆಯುತ್ತಲೇ ಇದ್ದ. ನಾನು ಕಾಲೆತ್ತಿ, ಪಕ್ಕಕ್ಕೆ ಸರಿದು, ಅವನಿಗೆ ದಾರಿ ಬಿಟ್ಟೆ.