ಮಂಡಿನೋವಿಗೆ ಎಂ.ಆರ್.ಐ. ಮೊದಲ ಮದ್ದಲ್ಲ



ತೋಟದ ಕೆಲಸವೆಂದರೆ ಮಂಡಿಯ ಕೆಲಸ. ಮೂಟೆ ಹೊತ್ತು ದರೆ ಹತ್ತುವುದು, ಉದುರಿದ ಕಾಫಿ ಹಣ್ಣು ಹೆಕ್ಕಲು ಕುಕ್ಕರುಗಾಲಿನಲ್ಲಿ ಕೂರುವುದು, ಸುಗ್ಗಿಯಲ್ಲಿ ಹೊತ್ತು ಮೀರಿ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುವುದು, ಎಲ್ಲವೂ ಮಂಡಿಯನ್ನೇ ನಂಬಿದೆ. ಕುಕ್ಕರುಗಾಲಿನಲ್ಲಿ ಕೂತು ದುಡಿಯುವವರಿಗೂ ಭಾರ ಹೊರುವವರಿಗೂ ಮಂಡಿ ಸವೆತ ಹೆಚ್ಚೆಂಬುದು ವೈದ್ಯರು ಒಪ್ಪಿರುವ ಮಾತು. ಆದುದರಿಂದಲೇ, ಸವೆತವನ್ನು ಶುರುವಿನಲ್ಲಿಯೇ ಹಿಡಿಯಲು ಎಂ.ಆರ್.ಐ. ಮಾಡಿಸಬೇಕು, ಅದಕ್ಕೆ ಸಂಘ ನೆರವು ನೀಡಬೇಕು ಎಂಬ ಮಾತು ಸದಸ್ಯರಲ್ಲಿ ಕೇಳಿಬರುತ್ತಿದೆ. ಉದ್ದೇಶ ಒಳ್ಳೆಯದೇ. ಆದರೆ ಆ ಹಣಕ್ಕೆ ಇದಕ್ಕಿಂತ ಒಳ್ಳೆಯ ದಾರಿಯಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಯಂತ್ರದ ಗುಣವನ್ನು ಹೇಳಬೇಕು. ಎಲುಬಿನ ತುದಿಗೆ ನುಣುಪಾದ ಹೊದಿಕೆಯಂತಿರುವ ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಎರಡು ಎಲುಬುಗಳ ನಡುವಿನ ಅಂತರ ಕಿರಿದಾದದ್ದನ್ನು ನೋಡಿ ಸವೆತವನ್ನು ಅಂದಾಜು ಮಾಡಬೇಕು. ಎಂ.ಆರ್.ಐ.ಯಾದರೋ ಕಾಂತಶಕ್ತಿ ಮತ್ತು ರೇಡಿಯೋ ಅಲೆಗಳಿಂದ ಮೃದ್ವಸ್ಥಿಯನ್ನೂ, ಕೀಲಿನೊಳಗೆ ಮೆತ್ತೆಯಂತಿರುವ ಮೆನಿಸ್ಕಸ್ಸನ್ನೂ, ಎಲುಬಿನೊಳಗಿನ ಬಾವನ್ನೂ ತೋರಿಸುತ್ತದೆ. ಎಕ್ಸ್‌ರೇಯಲ್ಲಿ ಏನೂ ಕಾಣದಿರುವಾಗಲೇ ಇದರಲ್ಲಿ ಬದಲಾವಣೆ ಕಾಣಬಹುದು. ಸವೆತ ಹೇಗೆ ಬೆಳೆಯುತ್ತದೆಂದು ತಿಳಿಯಲು ಸಂಶೋಧಕರಿಗೆ ಇದು ಬಹಳ ಉಪಯುಕ್ತ. 2004ರಲ್ಲಿ ಅಮೆರಿಕದಲ್ಲಿ ಆರಂಭವಾದ ಒಂದು ಅಧ್ಯಯನದಲ್ಲಿ 4,796 ಜನರ ಮಂಡಿಗಳನ್ನು ವರ್ಷಗಟ್ಟಲೆ ಹೀಗೆ ನೋಡಿದ್ದಾರೆ.

ತೊಡಕು ಎಲ್ಲಿದೆಯೆಂದರೆ, ಈ ಯಂತ್ರ ಬಹಳ ಹೆಚ್ಚು ತೋರಿಸುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 50 ವರ್ಷ ದಾಟಿದ, ಎಕ್ಸ್‌ರೇಯಲ್ಲಿ ಸವೆತದ ಗುರುತೇ ಇಲ್ಲದ 710 ಜನರಿಗೆ ಎಂ.ಆರ್.ಐ. ಮಾಡಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವರಲ್ಲಿ ಶೇಕಡಾ 89 ಜನರ ಮಂಡಿಯಲ್ಲಿ ಒಂದಲ್ಲ ಒಂದು ದೋಷ ಕಂಡಿತು. ನೋವೇ ಇಲ್ಲದವರಲ್ಲಿಯೂ ಈ ಪ್ರಮಾಣ ಶೇಕಡಾ 86ಕ್ಕೆ ಕಡಿಮೆ ಇರಲಿಲ್ಲ. ಅಂದರೆ ತಲೆ ನರೆತಂತೆ ಮಂಡಿಯೂ ನರೆಯುತ್ತದೆ. ಚಿತ್ರದಲ್ಲಿ ದೋಷ ಕಂಡಿತೆಂದ ಮಾತ್ರಕ್ಕೆ ನೋವಿಗೆ ಅದೇ ಕಾರಣವೆಂದು ಹೇಳುವಂತಿಲ್ಲ.

"ರೋಗವನ್ನು ಮೊದಲೇ ಗುರುತಿಸಿದರೆ ಒಳ್ಳೆಯದಲ್ಲವೇ?" ಎಂದು ಕೇಳಬಹುದು. ಅರೇಬಿಕಾ ಗಿಡದಲ್ಲಿ ಬಿಳಿ ಕಾಂಡಕೊರಕವನ್ನು ನಾವು ಮೊದಲೇ ಹುಡುಕುತ್ತೇವೆ. ಏಕೆ? ದುಂಬಿ ಹೊರಬಂದು ಹಾರುವ ಮುಂಚೆ ಆ ಗಿಡವನ್ನು ಕಿತ್ತು ಸುಟ್ಟರೆ ಪಕ್ಕದ ಗಿಡಗಳು ಉಳಿಯುತ್ತವೆ. ಅಲ್ಲಿ ಬೇಗ ತಿಳಿದದ್ದಕ್ಕೆ ತಕ್ಕ ಕ್ರಮವಿದೆ. ಮಂಡಿ ಸವೆತವನ್ನು ತಡೆದು ನಿಲ್ಲಿಸುವುದೆಂದು ಸಿದ್ಧವಾದ ಔಷಧಿ ಇಂದಿಗೂ ಇಲ್ಲ. ಎಂ.ಆರ್.ಐ.ಯಲ್ಲಿ ಆರಂಭದ ಸವೆತ ಕಂಡರೂ ವೈದ್ಯರು ಹೇಳುವುದು ವ್ಯಾಯಾಮ ಮತ್ತು ತೂಕ ಇಳಿಸುವುದು. ಕಾಣದಿದ್ದರೂ ಹೇಳುವುದು ಅದನ್ನೇ.

ಹಣ ಹೋಗುವುದಷ್ಟೇ ಆದರೆ ಸಹಿಸಬಹುದಿತ್ತು. "ಮೆನಿಸ್ಕಸ್ ಹರಿದಿದೆ" ಎಂಬ ಒಂದು ಸಾಲು ವರದಿಯಲ್ಲಿ ಬಂದರೆ ಮನೆಯವರೆಲ್ಲ ಗಾಬರಿಯಾಗುತ್ತಾರೆ, ಶಸ್ತ್ರಚಿಕಿತ್ಸೆಯ ಮಾತು ಹುಟ್ಟುತ್ತದೆ. ಅದೇ ಫ್ರೇಮಿಂಗ್‌ಹ್ಯಾಮಿನ 2008ರ ವರದಿಯಂತೆ, ಇಂಥ ಹರಿತವಿದ್ದವರಲ್ಲಿ ಶೇಕಡಾ 61 ಜನರಿಗೆ ಹಿಂದಿನ ಒಂದು ತಿಂಗಳಲ್ಲಿ ಮಂಡಿನೋವೇ ಇರಲಿಲ್ಲ. ಫಿನ್ಲೆಂಡಿನಲ್ಲಿ ವಯಸ್ಸಿನಿಂದ ಮೆನಿಸ್ಕಸ್ ಹರಿದಿದ್ದ 146 ಜನರಲ್ಲಿ ಕೆಲವರಿಗೆ ದುರ್ಬೀನಿನ ಶಸ್ತ್ರಚಿಕಿತ್ಸೆಯನ್ನು ನಿಜವಾಗಿ ಮಾಡಿದರು, ಉಳಿದವರಿಗೆ ಮಾಡಿದಂತೆ ತೋರಿಸಿದರು. 2013ರ ವರದಿಯಂತೆ, ವರ್ಷದ ನಂತರ ಎರಡೂ ಗುಂಪಿನವರ ನೋವು ಸರಿಸಮವಾಗಿಯೇ ಇಳಿದಿತ್ತು.

ಹಾಗಾದರೆ ರೋಗವನ್ನು ತಿಳಿಯುವುದು ಹೇಗೆ? ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ 2022ರಲ್ಲಿಯೂ ಹೇಳಿದ್ದು ಇಷ್ಟು: ವಯಸ್ಸು 45 ಅಥವಾ ಮೇಲ್ಪಟ್ಟು, ಓಡಾಡಿದಾಗ ನೋವು, ಬೆಳಿಗ್ಗೆ ಬಿಗಿತ ಇಲ್ಲದಿರುವುದು ಅಥವಾ ಅರ್ಧ ಗಂಟೆ ಮೀರದಿರುವುದು. ಬೇರೆ ರೋಗದ ಅನುಮಾನವಿಲ್ಲದಿದ್ದರೆ ಇಷ್ಟರಿಂದಲೇ ಸವೆತವೆಂದು ತೀರ್ಮಾನಿಸಬಹುದು, ಚಿತ್ರ ಬೇಕಿಲ್ಲ.

ಎಂ.ಆರ್.ಐ. ಯಾರಿಗೂ ಬೇಡವೆಂದು ಇದರ ಅರ್ಥವಲ್ಲ. ಬಿದ್ದು ಪೆಟ್ಟಾಗಿ ಮಂಡಿ ಊದಿಕೊಂಡಿದ್ದರೆ, ಮಂಡಿ ಸಿಕ್ಕಿಹಾಕಿಕೊಂಡು ನೀಡಲು ಬಾರದಿದ್ದರೆ, ರಾತ್ರಿ ಮಲಗಿದರೂ ನೋವು ಬಿಡದಿದ್ದರೆ ತಡ ಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಅವರು ಹೇಳಿದರೆ ಮಾಡಿಸತಕ್ಕದ್ದು. ಮಂಡಿ ಕೆಂಪಾಗಿ ಬಿಸಿಯಾಗಿ ಜ್ವರವೂ ಬಂದಿದ್ದರೆ ಅದೇ ದಿನವೇ ಆಸ್ಪತ್ರೆ ಸೇರಬೇಕು.

ಉಳಿದವರಿಗೆ ಮನೆಯ ಮದ್ದಿದೆ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದಷ್ಟೂ ಮಂಡಿಗೆ ಆಸರೆ. ಬೆನ್ನ ಮೇಲೆ ಮಲಗಿ ಒಂದು ಕಾಲನ್ನು ನೇರವಾಗಿ ಎತ್ತಿ ಐದು ಎಣಿಸುವವರೆಗೆ ಹಿಡಿದು ಇಳಿಸಬೇಕು. ದಿನವೂ ಒಂದೊಂದು ಕಾಲಿಗೆ ಹತ್ತು ಸಲ ಮಾಡಿ, ತಿಂಗಳುಗಟ್ಟಲೆ ಬಿಡದೆ ನಡೆಸಬೇಕು. ಮೈ ಭಾರವಿರುವವರು ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಒತ್ತಡ ಸುಮಾರು ನಾಲ್ಕು ಕಿಲೋ ಇಳಿಯುವುದೆಂದು 2005ರ ಅಧ್ಯಯನವೊಂದು ತೋರಿಸಿದೆ. ಹೆಕ್ಕುವಾಗ, ಸುಲಿಯುವಾಗ ಎತ್ತರದ ಮಣೆ ಇಟ್ಟುಕೊಳ್ಳುವುದು, ಮೂಟೆಯನ್ನು ಎರಡಾಗಿ ಮಾಡಿ ಹೊರುವುದು ನಮ್ಮ ಕೈಯಲ್ಲೇ ಇದೆ.

ಆದುದರಿಂದ ನನ್ನ ಸಲಹೆ ಇಷ್ಟೆ. ಸಂಘ ನೆರವು ಕೊಡುವುದಾದರೆ ಸ್ಕ್ಯಾನಿಗಲ್ಲ, ವ್ಯಾಯಾಮ ಕಲಿಸುವ ಫಿಸಿಯೋಥೆರಪಿ ತಜ್ಞರನ್ನು ಕೊಯ್ಲಿಗೆ ಮುಂಚೆ ಗೋದಾಮಿಗೆ ಕರೆಸಲು ಕೊಡಲಿ. ಸದಸ್ಯರ ಜೊತೆಗೆ ತೋಟದ ಆಳುಗಳನ್ನೂ, ಹೆಂಗಸರನ್ನೂ ಕೂರಿಸಿ ಕಲಿಸಲಿ. ದಿನವಿಡೀ ಹೆಕ್ಕುವವರು ಅವರು, ಸ್ಕ್ಯಾನಿಗೆ ಪಟ್ಟಣಕ್ಕೆ ಹೋಗುವ ಅನುಕೂಲವೂ ಅವರಿಗಿಲ್ಲ. ಈ ವಿಷಯ ಮುಂದಿನ ಮಹಾಸಭೆಯಲ್ಲಿ ಚರ್ಚೆಗೆ ಬರಲೆಂದು ಕೋರುತ್ತೇನೆ.