ಹಿಂದಿನ ಸೀಟಲ್ಲಿ ಕೂರೋರೇ ಕಾರು ಆರಿಸ್ಲಿ

ನಮ್ಮನೇಲಿ ಈಗ ಧರ್ಮಸ್ಥಳದ ಮಾತು ನಡೀತೈತೆ. ಶಿಡ್ಲಘಟ್ಟದ ನಮ್ಮ ಓರಗಿತ್ತಿ ಮನೇಲಿ ಹುಳ ಹಣ್ಣಾಗಿ, ಗೂಡು ಮಾರ್ಕೆಟ್ಟಿಗೆ ವೋದ ಮೇಲೆ ಹೊರಡೋದು ಅಂತ ತೀರ್ಮಾನ. ಬುತ್ತಿಗೆ ಯಾರು ಏನು ತರೋದು ಅನ್ನೋದೂ ಗೊತ್ತಾಯ್ತು. ಕಾರು ಯಾವ್ದು ಅನ್ನೋದನ್ನ ಮಾತ್ರ ಗಂಡಸರು ಜಗಲಿ ಮೇಲೆ ಕೂತು ಅವರವರೇ ಮುಗಿಸ್ಬಿಟ್ರು. "ಒಂದು ಚಿಕ್ಕ ಕಾರು ಬಾಡಿಗೆಗೆ ತಗೊಂಡ್ರೆ ಸಾಕು. ಒಸಿ ಅಡ್ಜಸ್ಟ್ ಮಾಡ್ಕೊಂಡ್ರೆ ಏಳು ಜನ ಹಿಡೀತೀವಿ."

ಈ ಅಡ್ಜಸ್ಟ್ ಅನ್ನೋ ಮಾತು ಕೇಳಿದ್ರೆ ನಂಗೆ ಮೈ ಉರಿಯುತ್ತೆ ಕಣ್ರಮ್ಮಾ. ಅಡ್ಜಸ್ಟ್ ಮಾಡ್ಕೊಳ್ಳೋರು ಯಾರು ಅಂತ ನೋಡಿ. ಸ್ಟೇರಿಂಗ್ ಹಿಡಿದವನು ಮಾಡ್ಕೊಳ್ಳಲ್ಲ. ಪಕ್ಕದಲ್ಲಿ ಕೂತು ದಾರಿ ಹೇಳೋರೂ ಮಾಡ್ಕೊಳ್ಳಲ್ಲ. ಹಿಂದೆ ಮಂಡಿ ಮಡಚ್ಕೊಂಡು, ತೊಡೆ ಮೇಲೆ ಮಗು, ಕಾಲ ಕೆಳಗೆ ಬುತ್ತಿ ಬ್ಯಾಗು ಇಟ್ಕೊಂಡು ಕೂರೋರು ನಾವು. ಅಷ್ಟಾದ್ರೂ ಜಾಗ ಸಾಲ್ದಿದ್ರೆ "ನಾನು ಮನೇಲೇ ಇರ್ತೀನಿ, ನೀವು ವೋಗ್ಬನ್ನಿ" ಅನ್ನೋರೂ ನಾವೇ.

ಎರಡು ವರ್ಷದ ಹಿಂದೆ ನಂದಿಬೆಟ್ಟಕ್ಕೆ ಹಿಂಗೇ ವೋಗಿದ್ವಿ. ಐದು ಸೀಟಿನ ಬಾಡಿಗೆ ಕಾರು, ಏಳು ಜನ. ಚಿಂತಾಮಣಿ ಚಿಕ್ಕಮ್ಮನ ಮೊಮ್ಮಗ ನನ್ನ ತೊಡೆ ಮೇಲಿದ್ದ. ಮೇಲಿನ ಒಂದು ತಿರುವಲ್ಲಿ ಮುಂದಿನ ಗಾಡಿ ನಿಂತು, ನಮ್ಮದೂ ನಿಂತು, ಇಂಜಿನ್ ಆಫಾಯ್ತು. ಮತ್ತೆ ಸ್ಟಾರ್ಟ್ ಮಾಡಿ ಕ್ಲಚ್ ಬಿಡೋವಷ್ಟರಲ್ಲಿ ಗಾಡಿ ಹಿಂದಕ್ಕೆ ಜಾರ್ತು. ಒಂದು ಮಾರು ಜಾರಿರಬೋದು, ಅಷ್ಟೇ. ಹಿಂದಿನ ಕಾರಿನವನು ದೂರದಲ್ಲಿ ನಿಂತಿದ್ದಕ್ಕೆ ಉಳ್ಕೊಂಡ್ವಿ. ನಾನು ಮಗೂನ ಎರಡೂ ಕೈಲಿ ಅವುಚಿ ಹಿಡಿದಿದ್ದೆ. ಆದ್ರೆ ನನ್ನ ಹಿಡಿದಿರೋಕೆ ಒಂದು ಬೆಲ್ಟೂ ಇರ್ಲಿಲ್ಲ. ಮೂರು ಬೆಲ್ಟಿನ ಸೀಟಲ್ಲಿ ನಾವು ದೊಡ್ಡೋರೇ ನಾಲ್ಕು ಜನ ಇದ್ವಿ.

ಅದಕ್ಕೇ ಚಿಕ್ಕ ಕಾರೇ ಬೇಡ ಅಂತ ನಾನು ಅನ್ನಲ್ಲ. ಬೆಟ್ಟದ ದಾರಿಗೆ ಚಿಕ್ಕ ಕಾರು ಒಳ್ಳೇದೇ. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯೋವಾಗ ದಾರಿ ಕಿರಿದು, ತಿರುವು ಬಿಗಿ. ಎದುರಿಗೆ ಬಸ್ಸು ಬಂದ್ರೆ ಚಿಕ್ಕ ಗಾಡಿ ಸುಲಭವಾಗಿ ಪಕ್ಕಕ್ಕೆ ಸರಿಯುತ್ತೆ. ಆಲ್ಟೊ ಮೂರೂವರೆ ಮೀಟರ್ ಉದ್ದ, ಇನ್ನೋವಾ ಕ್ರಿಸ್ಟಾ 4.7 ಮೀಟರ್. ನನ್ನ ತಕರಾರು ಕಾರಿನ ಮೇಲಲ್ಲ, ತಲೆ ಎಣಿಸೋ ಲೆಕ್ಕದ ಮೇಲೆ.

ಚಿಕ್ಕ ಕಾರಿನ ತೂಕವೇ ಸುಮಾರು 750ರಿಂದ 850 ಕೆಜಿ. ಏಳು ಜನ, ಬ್ಯಾಗು, ನೀರಿನ ಕ್ಯಾನು ಸೇರಿದ್ರೆ 400 ಕೆಜಿ ದಾಟುತ್ತೆ. ಅಂದ್ರೆ ಇನ್ನರ್ಧ ಕಾರನ್ನ ಅದರ ಬೆನ್ನ ಮೇಲೆ ಹೊರಿಸ್ದಂಗೆ. ಕಂಕುಳಲ್ಲಿ ಒಂದು ಬಿಂದಿಗೆ, ತಲೆ ಮೇಲೊಂದು ಬಿಂದಿಗೆ ಇಟ್ಕೊಂಡು ದಿಣ್ಣೆ ಹತ್ತಿದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾ? ಹತ್ತೋವಾಗ ಇಂಜಿನ್ ಏದುಸಿರು ಬಿಡುತ್ತೆ. ಇಳಿಯೋವಾಗ ಅಷ್ಟೂ ಭಾರ ಬ್ರೇಕಿನ ಮೇಲೆ ಬೀಳುತ್ತೆ.

ನನ್ನ ಲೆಕ್ಕ ಇಷ್ಟು. ಐದು ಸೀಟಿನ ಚಿಕ್ಕ ಕಾರಿಗೆ ಬೆಟ್ಟದ ದಾರೀಲಿ ನಾಲ್ಕು ಜನ, ಜೊತೆಗೊಂದು ಮಗು. ಮಗೂಗೂ ಒಂದು ಸೀಟು. ಡ್ರೈವರ್ ಸಮೇತ ಬಾಡಿಗೆಗೆ ತಗೊಂಡ್ರೆ ಅವರದ್ದೂ ಒಂದು ತಲೆ, ಅದನ್ನ ನಮ್ಮೋರು ಯಾವಾಗ್ಲೂ ಮರೀತಾರೆ. ಏಳು ಜನ ಇದ್ರೆ ಎರಡು ಚಿಕ್ಕ ಕಾರು ತಗೊಳ್ಳಿ, ಇಲ್ಲಾ ಎರ್ಟಿಗಾ ತರದ ಏಳು ಸೀಟಿಂದು ತಗೊಳ್ಳಿ. ಆದ್ರೆ ಎರ್ಟಿಗಾದಲ್ಲಿ ಮೂರನೇ ಸಾಲು ತುಂಬಿದ್ರೆ ಲಗೇಜಿಗೆ ಜಾಗ ಒಸೀನೇ ಉಳಿಯೋದು. ಅದನ್ನೂ ಮೊದಲೇ ನೋಡ್ಕೊಳ್ಳಿ.

ಚಿಕ್ಕ ಕಾರಲ್ಲೂ ಎಲ್ಲಾ ಒಂದೇ ಅಲ್ಲ. ನಮ್ಮತ್ತೆಗೆ ಮಂಡಿ ನೋವು. ಆಲ್ಟೊದಲ್ಲಿ ಕೂರೋದಂದ್ರೆ ಅವರಿಗೆ ಬಾವಿಗಿಳಿದಂಗೆ. ವ್ಯಾಗನಾರ್ ಎತ್ತರ, ಸೀಟೂ ಎತ್ತರ. ಕುರ್ಚಿ ಮೇಲೆ ಕೂತಂಗೆ ಕೂತು ಏಳ್ತಾರೆ. ಡಿಕ್ಕೀನೂ ಹಂಗೇ, ಆಲ್ಟೊ ಕೆ10ನಲ್ಲಿ 214 ಲೀಟರ್, ವ್ಯಾಗನಾರ್‌ನಲ್ಲಿ 341 ಲೀಟರ್. ಆದ್ರೆ ಸಿಎನ್‌ಜಿ ಗಾಡಿ ಕೊಟ್ರೆ ಸಿಲಿಂಡರೇ ಡಿಕ್ಕಿ ತಿಂದಿರುತ್ತೆ. ಶಕ್ತಿಯೂ ಕಮ್ಮಿ. ಅದೇ ಒಂದು ಲೀಟರ್ ಇಂಜಿನ್ ಪೆಟ್ರೋಲಲ್ಲಿ 66 ಹಾರ್ಸ್ ಪವರ್ ಕೊಟ್ರೆ ಸಿಎನ್‌ಜೀಲಿ 56ರ ಹತ್ರ. ಚಿಕ್ಕಬಳ್ಳಾಪುರದಿಂದ ಬೆಂಗ್ಳೂರಿಗೆ ಹೈವೇಲಿ ವೋಗೋರಿಗೆ ಇದು ಗೊತ್ತಾಗಲ್ಲ, ಘಾಟೀಲಿ ಗೊತ್ತಾಗುತ್ತೆ. ಹತ್ತೋವಾಗ ಉಸಿರು ಕಟ್ಟಿದ್ರೆ ಐದು ನಿಮಿಷ ಎಸಿ ಆಫ್ ಮಾಡಿ. ಸೆರಗಲ್ಲಿ ಬೀಸ್ಕೊಂಡ್ರಾಯ್ತು.

ಇನ್ನು ನಂಬರ್ ಪ್ಲೇಟು. ಇದನ್ನ ನಾವು ಹೆಂಗಸರು ನೋಡೋದೇ ಇಲ್ಲ. ಡ್ರೈವರ್ ಸಮೇತ ಬರೋ ಟ್ಯಾಕ್ಸಿಗೆ ಹಳದಿ ಬೋರ್ಡು, ಕಪ್ಪಕ್ಷರ. ನಾವೇ ಓಡಿಸ್ಕೊಂಡು ವೋಗೋ ಬಾಡಿಗೆ ಕಾರಿಗೆ ಕಪ್ಪು ಬೋರ್ಡು, ಹಳದಿ ಅಕ್ಷರ. "ನಮ್ ಸ್ನೇಹಿತಂದು, ಕಮ್ಮಿಗೆ ಕೊಡ್ತಾನೆ" ಅಂತ ಬಿಳಿ ಬೋರ್ಡಿನ ಸ್ವಂತ ಕಾರು ಬಾಡಿಗೆಗೆ ತರ್ತಾರೆ ನೋಡಿ, ಅದು ಕಾನೂನಿಗೆ ವಿರುದ್ಧ. ಏನಾದ್ರೂ ಆದ್ರೆ ಇನ್ಶೂರೆನ್ಸ್‌ನೋರು ಕೈ ಎತ್ಬೋದು. ನಾಲ್ಕು ಕಾಸು ಉಳಿಸೋಕೆ ವೋಗಿ ಮನೆ ಒಡವೆ ಅಡ ಇಡೋ ಕೆಲಸ ಅದು.

ಗಾಡಿ ಬಾಗಿಲಿಗೆ ಬಂದಾಗ ಆರತಿ ಎತ್ತೋಕೆ ಮುಂಚೆ ಒಂದು ಸುತ್ತು ಹಾಕಿ. ಟೈರಿನ ಗೀರು 1.6 ಮಿಲಿಮೀಟರಿಗಿಂತ ಸವೆದಿರಬಾರ್ದು ಅನ್ನೋದು ನಿಯಮ. ಬೋಳು ಟೈರು ಕಣ್ಣಿಗೇ ಕಾಣುತ್ತೆ. ಸ್ಟೆಪ್ನಿ, ಜಾಕಿ ಐತಾ, ವೈಪರ್ ಓಡುತ್ತಾ, ಹಿಂದಿನ ಮೂರೂ ಬೆಲ್ಟು ಸಿಕ್ಕಿಕೊಳ್ಳುತ್ತಾ ನೋಡಿ. ಎಷ್ಟೋ ಗಾಡೀಲಿ ಬೆಲ್ಟಿನ ಬಕಲ್ಲು ಸೀಟಿನ ಕೆಳಗೆ ಹೂತು ವೋಗಿರುತ್ತೆ. ಹಿಂದೆ ಕೂತೋರಿಗೂ ಬೆಲ್ಟು ಕಡ್ಡಾಯ ಅಂತ ಕಾನೂನೇ ಐತೆ.

ಓಡಿಸೋ ಹುಡುಗನಿಗೂ ಎರಡು ಮಾತು ಹೇಳಿ. ಇಳಿಜಾರಲ್ಲಿ ಪೆಟ್ರೋಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಹಾಕೋದು, ಇಂಜಿನ್ ಆಫ್ ಮಾಡೋದು ಬೇಡ. ಇಂಜಿನ್ ನಿಂತ್ರೆ ಬ್ರೇಕ್ ಪೆಡಲ್ ಕಲ್ಲಾಗುತ್ತೆ. ಹತ್ತೋಕೆ ಬೇಕಾಗೋ ಗೇರಲ್ಲೇ ಇಳೀಬೇಕು. ದಾರಿ ಕಿರಿದಾದ ಕಡೆ ಹತ್ತಿ ಬರೋ ಗಾಡಿಗೆ ಇಳಿಯೋರು ನಿಂತು ಜಾಗ ಬಿಡ್ಬೇಕು. ಮಳೆಗಾಲವಾದ್ರೆ ಹೊರಡೋ ದಿನವೇ ದಾರಿ ವಿಚಾರಿಸಿ. 2019ರ ಆಗಸ್ಟಲ್ಲಿ ಚಾರ್ಮಾಡಿ ಕುಸಿದಿತ್ತು, 2021ರ ಆಗಸ್ಟಲ್ಲಿ ನಮ್ಮ ನಂದಿ ರಸ್ತೇನೇ ಕುಸಿದು ತಿಂಗಳುಗಟ್ಟಲೆ ಮುಚ್ಚಿತ್ತು.

ಗೌರಿಬಿದನೂರಿನ ನಮ್ಮಕ್ಕ ಕೇಳಿದ್ಲು, "2023ರಿಂದ ನಮಗೆ ಬಸ್ಸು ಫ್ರೀ ಐತಲ್ಲೇ, ಕಾರಿನ ಗೋಳು ಯಾಕೆ?" ಅಂತ. ಅವಳ ಮಾತೂ ನಿಜ. ಕಾಲು ಗಟ್ಟಿ ಇರೋರು, ಘಾಟೀಲಿ ಓಡಿಸಿ ರೂಢಿ ಇರೋರು ಮನೇಲಿ ಇಲ್ದೋರು ಬಸ್ಸಲ್ಲೇ ವೋಗೋದು ವಾಸಿ. ಬಸ್ಸಿನ ಡ್ರೈವರ್ ಆ ತಿರುವುಗಳನ್ನ ದಿನಾ ನೋಡಿರ್ತಾರೆ. ನಮ್ಮತ್ತೆಗೆ ಗಂಟೆಗೊಂದ್ಸಲ ಇಳಿದು ಕಾಲಾಡಿಸ್ಬೇಕು, ಅದಕ್ಕೇ ನಮಗೆ ಕಾರು.

ಕೊನೆಗೆ ಜಗಲಿಗೆ ವೋಗಿ ನಾನೇ ಹೇಳ್ದೆ. ಏಳು ಜನಕ್ಕೆ ಏಳು ಬೆಲ್ಟು ಇರ್ಬೇಕು. ಅಡ್ವಾನ್ಸ್ ಕೊಡೋಕೆ ಮುಂಚೆ ಅತ್ತೆ ಹಿಂದಿನ ಸೀಟಲ್ಲಿ ಕೂತು ನೋಡ್ಬೇಕು. ಒಸಿ ಹೊತ್ತು ಯಾರೂ ಮಾತಾಡ್ಲಿಲ್ಲ. "ಖರ್ಚು ಜಾಸ್ತಿ ಆಗುತ್ತಲ್ಲ" ಅಂದ್ರು ನಮ್ಮನೆಯೋರು. ಆಗುತ್ತೆ. ಒಂದು ವಾರ ತಡವಾಗಿ ವೋಗೋಣ, ರೂಮು ಕಮ್ಮೀದು ತಗೊಳ್ಳೋಣ, ನಮ್ಮ ಚೀಟಿ ದುಡ್ಡಲ್ಲೂ ಒಂದು ಪಾಲು ಹಾಕೋಣ ಅಂದೆ. ಅತ್ತೆ ಒಳಗಿಂದ "ಅವಳು ಹೇಳೋದು ಸರಿಯಾಗೈತೆ ಕಣೋ" ಅಂದ್ರು. ಎರಡು ವ್ಯಾಗನಾರ್ ಅಂತ ಮಾತಾಯ್ತು.

ನಿಮ್ಮನೇಲೂ ಕಾರಿನ ಮಾತು ಬಂದಾಗ ಅಡಿಗೆ ಮನೆಯಿಂದ ಎದ್ದು ಬನ್ನಿ. ಬುತ್ತಿ ಒಸಿ ತಡವಾದ್ರೆ ಆಗ್ಲಿ.