ಮುಷ್ಕರಕ್ಕೆ ಜೈಲು, ಬೆದರಿಕೆಗೆ ಬರೀ ದಂಡ

ದೇವದುರ್ಗ, ಮಾನ್ವಿಯಿಂದ ಬೆಂಗಳೂರಿಗೆ ಹೊರಡುವ ರಾತ್ರಿ ಬಸ್ಸುಗಳನ್ನು ಒಮ್ಮೆ ನೋಡಿ. ಜೋಳದ ಹಿಟ್ಟಿನ ಚೀಲ, ಪಾತ್ರೆ ಗಂಟು, ಕಂಕುಳಲ್ಲಿ ಕೂಸು. ಮನೆಗೆ ಮನೆಯೇ ಗುಳೆ ಹೊರಟಿರುತ್ತದೆ. ಹೆಚ್ಚಿನವರು ಕಟ್ಟಡ ಕೆಲಸಕ್ಕೆ, ಒಂದಷ್ಟು ಹೆಣ್ಣುಮಕ್ಕಳು ಗಾರ್ಮೆಂಟ್ಸಿಗೆ. ಊರಲ್ಲೇ ಉಳಿದವರಿಗೆ ರೈಸ್‌ಮಿಲ್ಲು, ಹತ್ತಿ ಮಿಲ್ಲು, ಎಪಿಎಂಸಿ ಹಮಾಲಿ, ಇಲ್ಲವೇ ಶಕ್ತಿನಗರದಲ್ಲಿ ಗುತ್ತಿಗೆ ಕೆಲಸ. ಇವರಲ್ಲಿ ಎಷ್ಟು ಜನರ ಕೈಯಲ್ಲಿ "ನಾನು ಇಂಥವರ ಹತ್ತಿರ, ಇಷ್ಟು ಕೂಲಿಗೆ ಕೆಲಸ ಮಾಡ್ತೀನಿ" ಎಂದು ಹೇಳುವ ಒಂದು ಕಾಗದ ಇದೆ?

ಕಾರ್ಮಿಕ ಮುಖಂಡರ ಮೇಲಿನ ದೌರ್ಜನ್ಯದ ಮಾತು ಈ ಕಾಗದದಿಂದಲೇ ಶುರುವಾಗಬೇಕು. ತಲೆ ಒಡೆದರೆ ಮಾತ್ರ ನಮಗೆ ಸುದ್ದಿ. ಆದರೆ ಕಾಗದವೇ ಇಲ್ಲದವರನ್ನು ಹೆದರಿಸಲು ದೊಣ್ಣೆ ಬೇಕಿಲ್ಲ, ನಾಳೆಯಿಂದ ಬರಬೇಡ ಅಂದರೆ ಸಾಕು. ಮುಂದೆ ನಿಂತು ಮಾತಾಡಿದ ಒಬ್ಬರನ್ನು ಹೊರಹಾಕಿದರೆ ಹಿಂದಿದ್ದ ನೂರು ಜನ ಬಾಯಿ ಮುಚ್ಚುತ್ತಾರೆ.

ಇಷ್ಟಕ್ಕೂ ಹೆದರದಿದ್ದರೆ ಏನಾಗುತ್ತದೆ? 2018ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಶಾಹಿ ಎಕ್ಸ್‌ಪೋರ್ಟ್ಸ್‌ನ ಯುನಿಟ್ 8ರಲ್ಲಿ ನಡೆದದ್ದನ್ನು ನೋಡಿ. ಕೂಲಿ ಹೆಚ್ಚಿಸಿ, ಕುಡಿಯುವ ನೀರು ಸರಿಯಾಗಿ ಕೊಡಿ ಎಂದು ಕೇಳಿ, ಸಂಘ ಕಟ್ಟಲು ಹೊರಟ ಕಾರ್ಮಿಕರನ್ನು ಅಲ್ಲಿ ಹೊಡೆಯಲಾಯಿತು. ಕೊಲೆ ಬೆದರಿಕೆ, ಜಾತಿ ಹಿಡಿದು ಬೈಗುಳ, ಕೊನೆಗೆ 15 ಜನರನ್ನು ಕಾರ್ಖಾನೆಯಿಂದ ಹೊರದಬ್ಬಿದ್ದು, ಎಲ್ಲವನ್ನೂ ಅಮೆರಿಕದ ವರ್ಕರ್ ರೈಟ್ಸ್ ಕನ್ಸೋರ್ಷಿಯಂ ಅದೇ ಜೂನ್‌ನಲ್ಲಿ ವರದಿ ಮಾಡಿತು. ವಿದೇಶಿ ಬ್ರ್ಯಾಂಡ್‌ಗಳ ಒತ್ತಡ ಬಿದ್ದ ಮೇಲೆ ಕಂಪನಿ ಅವರನ್ನು ವಾಪಸ್ ಕರೆದುಕೊಂಡು, ಸಂಘದ ಜೊತೆ ಒಪ್ಪಂದ ಮಾಡಿಕೊಂಡಿತು.

ಗೆಲುವು ನಿಜ. ಆದರೆ ಅದು ಬಂದದ್ದು ಎಲ್ಲಿಂದ? ನಮ್ಮ ಶರ್ಟಿನ ಮೇಲೆ ವಿದೇಶಿ ಕಂಪನಿಯ ಲೇಬಲ್ ಇತ್ತು ಅನ್ನುವ ಕಾರಣಕ್ಕೆ. ಮಾನ್ವಿಯ ರೈಸ್‌ಮಿಲ್ಲಿನ ಅಕ್ಕಿ ಮೂಟೆ ಮೇಲೆ, ರಾಯಚೂರಿನ ಹತ್ತಿ ಅಂಡಿಗೆ ಮೇಲೆ ಅಂಥ ಲೇಬಲ್ ಇಲ್ಲ. ಅಲ್ಲಿನ ಹಮಾಲಿಗೆ ಇರುವ ಆಸರೆ ನಮ್ಮ ಕಾನೂನು ಮಾತ್ರ.

ಆ ಕಾನೂನು ಈಗ ಯಾರ ಕಡೆ ವಾಲಿದೆ? ಸಂಘ ಸೇರಿದರೆ ಕೆಲಸದಿಂದ ತೆಗೀತೀವಿ ಎಂದು ಬೆದರಿಸುವುದು 'ಅನುಚಿತ ಕಾರ್ಮಿಕ ಪದ್ಧತಿ'. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಅದಕ್ಕೆ 6 ತಿಂಗಳವರೆಗೆ ಜೈಲು ಶಿಕ್ಷೆಗೆ ಅವಕಾಶವಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮೊದಲ ತಪ್ಪಿಗೆ ಜೈಲಿಲ್ಲ, 10,000ದಿಂದ 2 ಲಕ್ಷ ರೂಪಾಯಿ ದಂಡ ಅಷ್ಟೇ. ಇನ್ನು ಕಾರ್ಮಿಕರ ಕಡೆ ಬನ್ನಿ. 14 ದಿನ ಮುಂಚಿತ ನೋಟಿಸ್ ಕೊಡದೆ ಕೆಲಸ ನಿಲ್ಲಿಸಿದರೆ ಅದು ಅಕ್ರಮ ಮುಷ್ಕರ. ಮೊದಲು ಈ ನೋಟಿಸಿನ ಕಡ್ಡಾಯ ಸಾರ್ವಜನಿಕ ಉಪಯುಕ್ತ ಸೇವೆಗಳಿಗಷ್ಟೇ ಇತ್ತು, ಈಗ ಎಲ್ಲ ಕೈಗಾರಿಕೆಗಳಿಗೂ ಬಂದಿದೆ. ಅರ್ಧಕ್ಕರ್ಧ ಜನ ಒಟ್ಟಿಗೆ ರಜೆ ಹಾಕಿದರೂ ಅದು ಮುಷ್ಕರವೇ. ಅಕ್ರಮ ಮುಷ್ಕರದ ದಂಡ 50 ರೂಪಾಯಿ ಇದ್ದದ್ದು 1,000ದಿಂದ 10,000ಕ್ಕೆ ಏರಿದೆ. ಒಂದು ತಿಂಗಳವರೆಗಿನ ಜೈಲು ಮಾತ್ರ ಹಾಗೇ ಉಳಿದಿದೆ. ಅಂದರೆ ಬೆದರಿಸಿದ ಮಾಲೀಕ ದಂಡ ಕಟ್ಟಿ ಮನೆಗೆ ಹೋಗಬಹುದು, ಬೆದರಿಕೆ ವಿರೋಧಿಸಿ ಆ ಕ್ಷಣವೇ ಕೆಲಸ ನಿಲ್ಲಿಸಿದವನು ಜೈಲಿಗೆ ಹೋಗಬಹುದು.

ಸಂಘ ಬಂದರೆ ಕಾರ್ಖಾನೆ ಓಡಿಹೋಗುತ್ತೆ ಅನ್ನುವ ವಾದವೊಂದಿದೆ. ಎಂಜಿನಿಯರಿಂಗ್ ಓದುವಾಗ ನಾನೂ ನಂಬಿದ್ದೆ. ನಾಲ್ಕು ವರ್ಷದಲ್ಲಿ ಬಾಯ್ಲರಿನ ಸೇಫ್ಟಿ ವಾಲ್ವ್ ಬಗ್ಗೆ ಪಾಠ ಇತ್ತು, ಕಾರ್ಮಿಕ ಕಾನೂನಿನ ಬಗ್ಗೆ ಒಂದು ಪುಟವೂ ಇರಲಿಲ್ಲ. ವಾಲ್ವ್ ಮುಚ್ಚಿದರೆ ಒತ್ತಡ ಮಾಯವಾಗಲ್ಲ ಎಂಬುದು 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ ಕಂಡಿತು. ವಿಸ್ಟ್ರಾನ್ ಐಫೋನ್ ಘಟಕದಲ್ಲಿ ಸಂಬಳದ ಸಿಟ್ಟು ಕಲ್ಲಾಗಿ ತೂರಿಬಂತು. ಅಧಿಕಾರಿಗಳ ತಪಾಸಣೆಯಲ್ಲಿ ವೇತನ, ಕೆಲಸದ ಅವಧಿ ಎರಡರಲ್ಲೂ ಉಲ್ಲಂಘನೆ ಸಿಕ್ಕವು. ಆಪಲ್ ಕಂಪನಿಯೇ ವಿಸ್ಟ್ರಾನನ್ನು ಪ್ರೊಬೇಷನ್‌ನಲ್ಲಿ ಇಟ್ಟಿತು. ದೂರು ಹೇಳಿಕೊಳ್ಳಲು ಒಳಗೆ ಒಂದು ಸಂಘ ಇದ್ದಿದ್ದರೆ ಆ ಬೆಳಗ್ಗೆ ಬೇರೆ ಥರ ಇರುತ್ತಿತ್ತು.

ಹಾಗಾದರೆ ರಾಯಚೂರಲ್ಲಿ ಏನು ಸಾಧ್ಯ? ದಾರಿ ಇಲ್ಲಿಯ ಕೂಲಿಕಾರರಿಗೇ ಗೊತ್ತಿದೆ. ನರೇಗಾದಲ್ಲಿ ನಮೂನೆ 6 ಕೊಟ್ಟು, ದಿನಾಂಕ ಹಾಕಿದ ಸ್ವೀಕೃತಿ ಕೈಗೆ ಬರುವವರೆಗೂ ಪಂಚಾಯಿತಿ ಬಾಗಿಲು ಬಿಟ್ಟು ಕದಲಬಾರದು ಎನ್ನುವುದನ್ನು ಗ್ರಾಕೂಸ್‌ನಂಥ ಸಂಘಟನೆಗಳು ಹಳ್ಳಿಗಳಲ್ಲಿ ಕಲಿಸಿದವು. ಸ್ವೀಕೃತಿ ಇದ್ದರೆ ಕೆಲಸ ಕೊಡಬೇಕು, 15 ದಿನದಲ್ಲಿ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಒಬ್ಬೊಬ್ಬರೇ ಹೋದರೆ ಗದರುವವರು ಐವತ್ತು ಹೆಣ್ಣುಮಕ್ಕಳು ಒಟ್ಟಿಗೆ ಹೋದರೆ ಪೆನ್ನು ಹುಡುಕುತ್ತಾರೆ.

ಅದೇ ಪಟ್ಟನ್ನು ಮಿಲ್ಲು, ಗೋದಾಮು, ಗುತ್ತಿಗೆ ಕೆಲಸಕ್ಕೂ ತರಬೇಕು. ಹೊಸ ಸಂಹಿತೆಗಳಲ್ಲಿ ನಾವು ಹಿಡಿದುಕೊಳ್ಳಬಹುದಾದ ಒಂದು ಅಂಶವಿದೆ: ನೇಮಕಾತಿ ಪತ್ರ ಕಡ್ಡಾಯ. ಮೊದಲು ಅದನ್ನು ಕೇಳೋಣ. ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ, ಬೆದರಿಕೆಗೆ ಮತ್ತೆ ಜೈಲು ಶಿಕ್ಷೆ ತರುವ ತಿದ್ದುಪಡಿಯನ್ನು ಕರ್ನಾಟಕ ಸರ್ಕಾರ ವಿಧಾನಸಭೆಯಲ್ಲಿ ಮಂಡಿಸಬಹುದು. ಅದಕ್ಕೆ ರಾಷ್ಟ್ರಪತಿ ಅಂಕಿತ ಬೇಕು, ಸಿಗದೇ ಹೋಗಬಹುದು. ಆದರೂ ಕಾರ್ಮಿಕರ ಪರ ಎನ್ನುವ ಸರ್ಕಾರ ಅಷ್ಟಾದರೂ ಮಾಡಲಿ. ನಿಮ್ಮ ಕ್ಷೇತ್ರದ ಶಾಸಕರು ಮುಂದಿನ ಸಲ ಊರಿಗೆ ಬಂದಾಗ ಈ ಒಂದು ಪ್ರಶ್ನೆ ಕೇಳಿ.